ಹಲ್ಲುನೋವು

ಬಲಗಡೆಯ ಕೆಳದವಡೆಯ ಕೊನೆಯ ಹಲ್ಲಿಗೆ ಏನೂ ಆಗಿರಲಿಲ್ಲ. ಆದರೂ ಬೆಳಿಗ್ಗೆ ಎಚ್ಚರವಾದ ಕೂಡಲೇ ವಾಗೀಶನ ನಾಲಿಗೆ ನೇರವಾಗಿ ಅಲ್ಲಿಗೇ ಹೋಗಿ, ಒಮ್ಮೆ ಒತ್ತಿ ನೋಡಿ ವಾಪಸು ಬರುತ್ತಿತ್ತು. ಮದುವೆಯ ಗಲಾಟೆ ಮುಗಿದ ಮೇಲೆ ಹತ್ತಿಕೊಂಡ ಅಭ್ಯಾಸ ಇದು. ದಿನಾ ಕೆರೆ ಸುತ್ತುವ ಜೊತೆಗಾರರಾದ ಬೋಗಾದಿಯ ಕೆಂಪಯ್ಯನವರನ್ನು ಮಾತಾಡಿಸಿಕೊಂಡು ಬರೋಣವೆಂದು ಹೆಂಡತಿ ಅಲಮೇಲು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದ ಆ ಸಂಜೆ ಅವನ ಬಾಯಿಗೆ ಬಂದದ್ದು ಹಲ್ಲುನೋವು. "ದವಡೆಯೆಲ್ಲ ಸೆಳೀತಾ ಇದೆ ಕಣೇ, ನೀನೊಬ್ಬಳೇ ಹೋಗು" ಎಂದು ಕೆನ್ನೆಗೆ ಕೈಕೊಟ್ಟು ಕೂತುಬಿಟ್ಟಿದ್ದ. ಅವಳು ಒಂದು ಗಳಿಗೆ ಅವನ ಮುಖ ನೋಡಿ, ಆಟೋ ಹಿಡಿದು ಹೋಗಿ, ಕತ್ತಲಾಗುವ ಹೊತ್ತಿಗೆ ಕಣ್ಣು ಊದಿಸಿಕೊಂಡು ಬಂದಿದ್ದಳು. "ಕೇಳಿದ್ರು ನಿಮ್ಮನ್ನ. ಹಲ್ಲುನೋವು ಅಂದೆ" ಎಂದಷ್ಟೇ ಹೇಳಿ ಸ್ನಾನಕ್ಕೆ ಹೋಗಿದ್ದಳು. ಅಂದಿನಿಂದ ಆ ಹಲ್ಲು ಬಾಯೊಳಗೆ ಬೇರೆಯವರದೇನೋ ಎಂಬಂತೆ ಉಳಿದುಹೋಗಿತ್ತು. ಇಷ್ಟು ಸಲ ಒತ್ತಿದರೆ ನಿಜವಾಗಿಯೇ ನೋಯಬಹುದು ಎಂದು ಒಂದೊಂದು ಸಲ ಆಸೆಯಾಗುತ್ತಿತ್ತು, ನೋಯುತ್ತಿರಲಿಲ್ಲ.

ಕೆಂಪಯ್ಯನವರ ಹೆಂಡತಿ ದೇವಿರಮ್ಮ ಬೋಗಾದಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದವರು. ವಾಗೀಶನ ಮಗಳು ಲಹರಿಯ ಮದುವೆಗೆ ಇನ್ನೇನು ದಿನ ಹತ್ತಿರ ಬಂತು ಎನ್ನುವಾಗ, ಒಂದು ಮಧ್ಯಾಹ್ನ ಮಿಲ್ಲಿನ ಎದುರು ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ವಾಗೀಶನ ಮನೆಯಲ್ಲಿ ದೇವರ ಸಮಾರಾಧನೆ ಮುಗಿದಿತ್ತು. ಅದಾದ ಮೇಲೆ ಮದುವೆಯ ಮನೆಯವರು ಸಾವಿನ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ. ಇದು ಕೆಂಪಯ್ಯನವರಿಗೂ ಗೊತ್ತಿದ್ದ ವಿಷಯವೇ. ಅವರೇ ಫೋನು ಮಾಡಿ, "ನೀವು ಬರ್ಕೂಡದು ಮೇಷ್ಟ್ರೇ, ಮಗಿ ಮದುವೆ ಸಸೂತ್ರವಾಗಿ ಮಾಡಿ" ಎಂದಿದ್ದರು. ಹೆಂಡತಿಯ ಹೆಣ ಮನೆಯಲ್ಲಿಟ್ಟುಕೊಂಡು ಇನ್ನೊಬ್ಬರ ಮಗಳ ಮದುವೆಯ ಬಗ್ಗೆ ಯೋಚಿಸಿ ಫೋನು ಮಾಡಿದ್ದರು. ಮದುವೆ ಸಸೂತ್ರವಾಗಿಯೇ ಆಯಿತು. ಬೀಗರ ಔತಣ, ಮಗಳನ್ನು ಹಾಸನಕ್ಕೆ ಬಿಟ್ಟುಬರುವುದು, ಚಪ್ಪರ ಬಿಚ್ಚಿಸುವುದು, ಇವೆಲ್ಲ ಮುಗಿದ ಮರುದಿನವೇ ಹೋಗಬೇಕಿತ್ತು. ಆ ದಿನ ಮಂಗಳವಾರ. ಮಂಗಳವಾರ, ಶುಕ್ರವಾರ ಯಾರೂ ಸಾವಿನ ಮನೆಗೆ ಮಾತಾಡಿಸಲು ಹೋಗುವುದಿಲ್ಲ. ಬುಧವಾರ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಗುರುವಾರ ಯಾಕೆ ಹೋಗಲಿಲ್ಲವೆಂದು ಅವನಿಗೇ ನೆನಪಿಲ್ಲ. ಆಮೇಲೆ, ತಡವಾಯಿತಲ್ಲ ಎಂಬ ನಾಚಿಕೆಯೇ ಹೋಗದಿರುವುದಕ್ಕೆ ಕಾರಣವಾಯಿತು. ಒಂದು ವಾರ ತಡವಾದರೆ ಏನು ಹೇಳಬೇಕೆಂದು ಗೊತ್ತಿರುತ್ತದೆ. ಎರಡು ತಿಂಗಳಾದ ಮೇಲೆ ಏನಂತ ಬಾಯಿ ಬಿಡುವುದು? ಸತ್ತವರು ದೇವಿರಮ್ಮನಲ್ಲದೆ ತಮ್ಮ ಪೈಕಿಯ ಶಾಮಣ್ಣನ ಹೆಂಡತಿಯಾಗಿದ್ದರೆ ಇಷ್ಟು ತಡ ಮಾಡುತ್ತಿದ್ದೆನೇ ಎಂಬ ಪ್ರಶ್ನೆಯೂ ಆಗಾಗ ಏಳುತ್ತಿತ್ತು. ಇಲ್ಲ ಎಂಬ ಉತ್ತರ ಅದರ ಹಿಂದೆಯೇ ಬರುತ್ತಿದ್ದುದರಿಂದ ಆ ಪ್ರಶ್ನೆಯನ್ನು ಅವನು ಪೂರ್ತಿ ಏಳಲು ಬಿಡುತ್ತಿರಲಿಲ್ಲ.

"ಎದ್ರಾ? ಅವರು ಆಗಲೇ ತಯಾರಾಗಿ ಕೂತಿದಾರೆ" ಎಂದು ಅಲಮೇಲು ಬಾಗಿಲಿನಿಂದ ಮೆಲ್ಲಗೆ ಕೂಗಿದಳು. ಅವರು ಎಂದರೆ ಬೀಗರು. ಲಹರಿಯ ಮಾವ ಲಕ್ಷ್ಮೀನರಸಿಂಹ ಮತ್ತು ಅವರ ಹೆಂಡತಿ ನಿನ್ನೆ ಸಂಜೆ ಹಾಸನದಿಂದ ಕಾರಿನಲ್ಲಿ ಬಂದಿದ್ದರು. ಮದುವೆಯಲ್ಲಿ ಮೈಸೂರು ನೋಡಲಾಗಲಿಲ್ಲ, ಒಂದು ಭಾನುವಾರ ಸುಮ್ಮನೆ ಬಂದು ಹೋಗುತ್ತೇವೆ ಎಂದಿದ್ದರು. ವಾಗೀಶ ರಾತ್ರಿಯೇ ಅರಮನೆ, ಮೃಗಾಲಯ, ಬೆಟ್ಟ ಎಂದು ಸಾಲಾಗಿ ಹೇಳಿ ನೋಡಿದ್ದ. ಲಕ್ಷ್ಮೀನರಸಿಂಹ ಒಂದಕ್ಕೂ ಬಗ್ಗಲಿಲ್ಲ. "ಅದೆಲ್ಲ ಸ್ಕೂಲಿನ ಪ್ರವಾಸದಲ್ಲೇ ನೋಡಿದೀನಿ ಬೀಗರೇ. ನಮ್ಮ ಸೊಸೆ ದಿನಾ ಹೇಳ್ತಾಳೆ, ಕುಕ್ಕರಹಳ್ಳಿ ಕೆರೆ ಅಂದ್ರೆ ನಮ್ಮಪ್ಪಂದು ಅಂತ. ಅದನ್ನ ತೋರಿಸಿ" ಎಂದು ನಕ್ಕಿದ್ದರು. ತಾನಿಲ್ಲದ ಕಡೆ ಮಗಳು ತನ್ನ ಬಗ್ಗೆ ಹಾಗೆ ಹೇಳಿಕೊಳ್ಳುತ್ತಾಳೆಂದು ಕೇಳಿ ವಾಗೀಶನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಭಾನುವಾರ ಬೆಳಿಗ್ಗೆ ಕೆಂಪಯ್ಯ ಕೆರೆ ತಪ್ಪಿಸುವವರಲ್ಲ.

ಕೆರೆಯಲ್ಲಿ ಅವರನ್ನು ತಪ್ಪಿಸಿಕೊಳ್ಳುವ ಉಪಾಯವೊಂದನ್ನು ವಾಗೀಶ ಕಂಡುಕೊಂಡಿದ್ದ. ವಾಕಿಂಗ್ ಬಿಡುವ ಹಾಗಿರಲಿಲ್ಲ, ಸಕ್ಕರೆ ಕಾಯಿಲೆ; ಸಂಜೆಗೆ ಬದಲಾಯಿಸಿದರೆ ಅಲಮೇಲು ಯಾಕೆಂದು ಕೇಳುತ್ತಾಳೆ. ಕೆಂಪಯ್ಯ ಬೋಗಾದಿ ರಸ್ತೆಯ ಕಡೆಯಿಂದ ಒಳಗೆ ಬಂದು, ನೀರನ್ನು ಬಲಕ್ಕಿಟ್ಟುಕೊಂಡು, ದೇವಸ್ಥಾನ ಸುತ್ತುವ ಹಾಗೆ ಪ್ರದಕ್ಷಿಣೆಯಾಗಿಯೇ ನಡೆಯುವವರು. ಬಲಕ್ಕೆ ಹೋದರೆ ಎದುರಾಗುತ್ತಾರೆ. ಎಡಕ್ಕೇ ಹೋಗಿ, ಅವರು ಮುಂದೆ ಹಾದುಹೋದ ಮೇಲೆ ಅವರಷ್ಟೇ ವೇಗದಲ್ಲಿ ಹಿಂದೆ ನಡೆದರೆ, ಎಷ್ಟು ಸುತ್ತು ಹಾಕಿದರೂ ಭೇಟಿಯಾಗುವುದಿಲ್ಲ. ಮೂವತ್ತು ವರ್ಷ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಟ್ಟದ್ದಕ್ಕೆ ಕೊನೆಗೂ ಒಂದು ಉಪಯೋಗವಾಯಿತು ಎಂದು ಮೊದಲ ದಿನ ಅವನಿಗೆ ನಗು ಬಂದಿತ್ತು. ಆಮೇಲೆ ನಗು ಬರಲಿಲ್ಲ. ಮುಂದಿನ ತಿರುವಿನಲ್ಲಿ ಹೆಗಲ ಮೇಲಿನ ಬಿಳಿ ಟವೆಲು, ಸ್ವಲ್ಪ ಎಡಕ್ಕೆ ವಾಲುವ ನಡಿಗೆ, ಬೆನ್ನು. ಇಷ್ಟು ವರ್ಷ ಪಕ್ಕದಲ್ಲಿ ನಡೆದ ಮನುಷ್ಯನಿಗೆ ಇಷ್ಟು ಸಣ್ಣ ಬೆನ್ನು ಇದೆಯೆಂದು ಗೊತ್ತೇ ಇರಲಿಲ್ಲ. ಬೆಳಗಿನ ತಂಡಿಗೆ ಅವನಿಗೆ ಒಣ ಕೆಮ್ಮು ಬರುತ್ತದೆ. ಕರವಸ್ತ್ರ ಬಾಯಿಗೊತ್ತಿ ಕೆಮ್ಮುತ್ತಿದ್ದ. ಕೆಂಪಯ್ಯ ನಿಧಾನವಾದರೆ ಇವನೂ ನಿಧಾನ. ಒಂದು ದಿನ ಅವರು ಕಲ್ಲುಬೆಂಚಿನ ಮೇಲೆ ಕೂತೇಬಿಟ್ಟರು. ಪಾಪ, ಸುಸ್ತಾಗಿರಬೇಕು, ದುಃಖ ಕಾಲಿಗೆ ಇಳಿದಿರಬೇಕು ಎಂದುಕೊಂಡು ವಾಗೀಶ ಬಿದಿರಿನ ಮೆಳೆಯ ಹತ್ತಿರ ಬಗ್ಗಿ, ಕಟ್ಟಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ್ದ. ಅವರು ಎದ್ದು ಹೊರಡುವ ತನಕ ಕಟ್ಟುತ್ತಲೇ ಇದ್ದ.

ಗೇಟಿನ ಒಳಗೆ ಬಂದ ಕೂಡಲೇ ಲಕ್ಷ್ಮೀನರಸಿಂಹ ಬಲಕ್ಕೆ ತಿರುಗಿದರು. "ಈ ಕಡೆಯಿಂದ ಹೋಗೋಣ ಬನ್ನಿ" ಎಂದು ವಾಗೀಶ ಎಡಕ್ಕೆ ಕೈ ತೋರಿಸಿದ. "ಅಯ್ಯೋ, ಯಾವ ಕಡೆ ಹೋದ್ರೇನು, ಸುತ್ತು ಹಾಕೋದು ತಾನೇ. ಅಲ್ಲಿ ಬೆಟ್ಟ ಕಾಣ್ತಿದೆ ನೋಡಿ" ಎಂದು ಬೀಗರು ಆಗಲೇ ಏರಿಯ ಮೇಲೆ ಹೊರಟಿದ್ದರು. ಹಿಂದೆ ಬೀಗಿತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸ ಬಿಳಿ ಕ್ಯಾನ್ವಾಸ್ ಬೂಟಿನಲ್ಲಿ. ಒಳ್ಳೆಯ ಹೆಂಗಸು. ಆದರೆ ಹೊರಡುವಾಗ ಯಾರಾದರೂ ಸೀನಿದರೆ ಒಳಗೆ ಬಂದು ಕೂತು, ನೀರು ಕುಡಿದೇ ಮತ್ತೆ ಹೊರಡುವವರು. ಇವತ್ತು ಬೆಳಿಗ್ಗೆಯೂ ಡ್ರೈವರ್ ಸೀನಿದ್ದರಿಂದ ಐದು ನಿಮಿಷ ತಡವಾಗಿತ್ತು. ಜ್ಯೇಷ್ಠದ ಮೋಡ ತೆಳ್ಳಗೆ ಹರಡಿ, ನೀರು ಸೀಸದ ಬಣ್ಣಕ್ಕಿತ್ತು. ನಡುಗಡ್ಡೆಯ ಮರದಲ್ಲಿ ಹೆಜ್ಜಾರ್ಲೆಗಳು ಕೊಂಬೆ ಬಗ್ಗಿಸಿಕೊಂಡು ಕೂತಿದ್ದವು. ನಗೆಕೂಟದ ಮುದುಕರು ಒಟ್ಟಾಗಿ ಕೈಯೆತ್ತಿ ಹೋ ಎಂದು ನಕ್ಕು, ಅಷ್ಟೇ ಒಟ್ಟಾಗಿ ನಿಲ್ಲಿಸಿದರು. ವಾಗೀಶ ಹಕ್ಕಿಗಳ ಹೆಸರು ಹೇಳಿದ, ಆಚೆ ದಡದ ಮಾನಸಗಂಗೋತ್ರಿ ತೋರಿಸಿದ, ಮರಗಳ ಹಿಂದಿನ ಜಯಲಕ್ಷ್ಮಿ ವಿಲಾಸಕ್ಕೆ ಆಮೇಲೆ ಹೋಗೋಣವೆಂದ. ಬಾಯಿ ತಾನಾಗಿ ಮಾತಾಡುತ್ತಿತ್ತು. ಕಣ್ಣು ಮಾತ್ರ ಎದುರಿನ ತಿರುವಿನಲ್ಲಿತ್ತು. ಭೌತಶಾಸ್ತ್ರದಲ್ಲಿ ಅನುಮಾನವೇ ಇಲ್ಲ. ಈ ದಿಕ್ಕಿನಲ್ಲಿ ನಡೆದರೆ ಎದುರಾಗಲೇಬೇಕು.

ತಿರುವಿನಲ್ಲಿ ಬಿಳಿ ಟವೆಲು ಕಂಡಿತು. ಮೊದಲು ಬೆನ್ನಾಗಿದ್ದದ್ದು ಈಗ ಮುಖವಾಗಿತ್ತು. ತಲೆ ಬೋಳಿಸಿದ್ದು ಮತ್ತೆ ಬೆಳೆದು, ಕೂದಲು ಬೆಳ್ಳಗೆ ಗರಿಗರಿಯಾಗಿ ನಿಂತಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು. ಏನು ಹೇಳಲಿ? ಇವರು ನಮ್ಮ ಕೆಂಪಯ್ಯನವರು, ನನ್ನ ಸ್ನೇಹಿತರು ಎಂದರೆ, ಮನೆಯವರು ಚೆನ್ನಾಗಿದಾರಾ ಎಂದು ಬೀಗಿತ್ತಿ ಕೇಳುತ್ತಾರೆ. ಆಗ ಎಲ್ಲವೂ ಹೊರಗೆ ಬರುತ್ತದೆ: ಸಾವು, ಮದುವೆಗೆ ಮೊದಲಿನ ಸಾವು, ಇನ್ನೂ ಹೋಗದಿರುವುದು. ಹೊಸ ಬೀಗರ ಮುಂದೆ, ಬೆಳ್ಳಂಬೆಳಿಗ್ಗೆ, ಸೀನಿಗೂ ಕೂತು ಏಳುವ ಹೆಂಗಸಿನ ಮುಂದೆ. ಹಾದುಹೋಗಲಿ, ಒಂದು ಸಲ ತಲೆ ಆಡಿಸಿದರೆ ಸಾಕು ಎಂದು ಅವನು ಎಣಿಸುತ್ತಿರುವಾಗಲೇ ಲಕ್ಷ್ಮೀನರಸಿಂಹ ಜೇಬಿನಿಂದ ಮೊಬೈಲು ತೆಗೆದು ಕೈಯಡ್ಡ ಹಿಡಿದರು. "ಯಜಮಾನ್ರೇ, ಸ್ವಲ್ಪ ನಮ್ಮದೊಂದು ಫೋಟೊ ತೆಗೀತೀರಾ? ಬೆಟ್ಟ ಬರೋ ಹಾಗೆ."

ಕೆಂಪಯ್ಯ ನಿಂತರು. ಟವೆಲಿನಿಂದ ಅಂಗೈ ಒರೆಸಿಕೊಂಡು ಮೊಬೈಲು ಇಸಕೊಂಡರು. ಆಮೇಲೆ ವಾಗೀಶನ ಮುಖ ನೋಡಿದರು. ಕೋಪದ ನೋಟವಲ್ಲ. ನಿಮ್ಮನ್ನು ನನಗೆ ಗೊತ್ತೋ ಗೊತ್ತಿಲ್ಲವೋ, ನೀವು ಹೇಳಿದ ಹಾಗೆ, ಎಂದು ಅಪ್ಪಣೆ ಕೇಳುವ ನೋಟ. ವಾಗೀಶನ ಕಣ್ಣು ನೀರಿನ ಕಡೆಗೆ ಹೋಯಿತು. ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಅದನ್ನೇ ನೋಡುತ್ತ ನಿಂತ. "ಸಾರ್, ತಾವು ಒಸಿ ಅಮ್ಮೋರ ಈ ಪಕ್ಕಕ್ಕೆ ಬನ್ನಿ" ಎಂದಿತು ಕೆಂಪಯ್ಯನವರ ದನಿ. ಸಾರ್! ಇಷ್ಟು ವರ್ಷದಲ್ಲಿ ಆ ಬಾಯಿಂದ ಮೇಷ್ಟ್ರೇ ಎಂಬುದನ್ನು ಬಿಟ್ಟು ಬೇರೆ ಮಾತು ಬಂದದ್ದೇ ಇಲ್ಲ. "ಇನ್ನೊಸಿ ಒತ್ತಾಗಿ ನಿಂತ್ಕಳಿ. ಆ, ಅಂಗೇ." ಬೀಗರು ನಕ್ಕರು. ವಾಗೀಶನೂ ನಕ್ಕ. ಮೊಬೈಲು ವಾಪಸು ಕೊಟ್ಟು, ಲಕ್ಷ್ಮೀನರಸಿಂಹ ಥ್ಯಾಂಕ್ಸ್ ಎಂದದ್ದಕ್ಕೆ ತಲೆಯಾಡಿಸಿ, ಕೆಂಪಯ್ಯ ತಮ್ಮ ದಾರಿ ಹಿಡಿದು ಹೊರಟರು. ಅವರು ತಿರುಗಿ ನೋಡಲಿಲ್ಲ. ನೋಡಿದ್ದು ವಾಗೀಶ. "ಛೆ, ಬೆರಳು ಬಂದ್ಬಿಟ್ಟಿದೆಯಲ್ರೀ ಮೂಲೆಯಲ್ಲಿ!" ಎಂದು ಬೀಗಿತ್ತಿ ಮೊಬೈಲು ಮುಖದ ಹತ್ತಿರ ಹಿಡಿದರು. "ಪಾಪ, ಅವರಿಗೇನು ಗೊತ್ತಾಗತ್ತೆ. ಇರಲಿ, ಬೆಟ್ಟ ಚೆನ್ನಾಗಿ ಬಂದಿದೆ" ಎಂದರು ಬೀಗರು.

ಆಮೇಲೆ ಅವನು ಏನೇನು ತೋರಿಸಿದ ಎಂಬುದು ಅವನಿಗೇ ಸರಿಯಾಗಿ ನೆನಪಿಲ್ಲ. ಜಯಲಕ್ಷ್ಮಿ ವಿಲಾಸದ ಮೆಟ್ಟಿಲ ಮೇಲೆ ನಿಂತು ಮಹಾರಾಜರ ಕಾಲದ ಏನೋ ಹೇಳಿದ. ಚಾಮರಾಜಪುರಂ ಸ್ಟೇಷನ್ನಿನ ಹತ್ತಿರ ರೈಲು ಬರುತ್ತದೆಂದು ಗೇಟು ಹಾಕಿದ್ದರಿಂದ ಕಾರು ನಿಂತಾಗ, ಬೀಗಿತ್ತಿ ಮಲ್ಲಿಗೆ ಮೊಳ ಹಾಕಿಸಿಕೊಂಡು, "ಎಷ್ಟು ನೆಮ್ಮದಿಯಾಗಿದೆ ನಿಮ್ಮೂರು. ಇಲ್ಲಿ ಯಾರಿಗೂ ಅವಸರಾನೇ ಇಲ್ಲ" ಎಂದರು. ಹೌದು, ಇಲ್ಲಿ ಅವಸರವಿಲ್ಲ. ಇಲ್ಲಿಯ ಜನ ಸಾವಿನ ಮನೆಗೆ ಹೋಗಲೂ ಅವಸರ ಮಾಡುವುದಿಲ್ಲ ಎಂದು ಅವನೊಳಗೆ ಯಾರೋ ಹೇಳಿದರು. ರೈಲು ನಿಧಾನವಾಗಿ ಹಾದುಹೋಯಿತು. ಕೆಂಪಯ್ಯನವರ ಪರಿಚಯವಾದದ್ದೂ ಆ ಕೆರೆಯಲ್ಲೇ, ಒಂದು ಮಳೆಯಲ್ಲಿ. ಇವನ ಕೊಡೆಯಡಿ ಅವರು ಬಂದು ನಿಂತು, "ಅರ್ಧ ನೀವು ನೆನೀರಿ, ಅರ್ಧ ನಾ ನೆನೀತೀನಿ" ಎಂದಿದ್ದರು. ಆಮೇಲೆ ದಿನವೂ ಜೊತೆ. ಒಬ್ಬರಿಗೆ ಲೇಔಟು ನುಂಗಿದ ಹೊಲಗಳ ಮಾತು, ಇನ್ನೊಬ್ಬನಿಗೆ ಕಾಲೇಜಿನ ದೂರು. ಒಬ್ಬರ ಮಾತನ್ನು ಇನ್ನೊಬ್ಬರು ಅಷ್ಟಾಗಿ ಕೇಳಿಸಿಕೊಳ್ಳುತ್ತಲೂ ಇರಲಿಲ್ಲ. ಅದೇ ಹಿತವಾಗಿತ್ತು. ಈಗ ಆ ಮನುಷ್ಯ ತನ್ನನ್ನು ಸಾರ್ ಎಂದು ಕರೆದು ಫೋಟೊ ತೆಗೆದುಕೊಟ್ಟು ಹೋದರು, ತಾನು ಹಲ್ಲು ಕಿರಿದು ನಿಂತೆ. ಗೇಟು ತೆಗೆದರು, ಕಾರು ಹೊರಟಿತು.

ಊಟಕ್ಕೆ ಅಲಮೇಲು ನುಗ್ಗೆಕಾಯಿ ಹುಳಿ ಮಾಡಿದ್ದಳು. ಬೀಗರು ಎರಡನೇ ಸಲ ಬಡಿಸಿಕೊಂಡರು. "ಮದುವೇಲೂ ಇದೇ ರುಚಿ. ನಮ್ಮ ಕಡೆಯವರೆಲ್ಲ ಇನ್ನೂ ಆ ಹುಳಿ ಮಾತಾಡ್ತಾರೆ ಬೀಗಿತ್ತಿಯವರೇ. ಅಡುಗೆಯವರ ಕೈಗುಣವಾ, ಪುಡಿಯ ಗುಣವಾ?" ಎಂದು ಕೇಳಿದರು. "ಪುಡಿ" ಎಂದಳು ಅಲಮೇಲು. "ಬೋಗಾದಿಯಲ್ಲಿ ಮಾಡಿಸಿದ್ದು. ಇವತ್ತಿಗೆ ಮುಗೀತು." ಅಷ್ಟೇ ಹೇಳಿ ತುಪ್ಪದ ಗಿಂಡಿ ತರಲು ಒಳಗೆ ಹೋದಳು. ವಾಗೀಶನ ಕೈ ಎಲೆಯ ಮೇಲೆ ನಿಂತಿತು. ಅಲಮೇಲುವಿನ ಪುಡಿ ಬೀಸುವ ಮೊದಲು ದೇವಿರಮ್ಮ ಒಂದು ಹಿಡಿ ಅಕ್ಕಿ ಹಾಕಿ ಮಿಲ್ಲು ಓಡಿಸಿ, ಆ ಹಿಟ್ಟನ್ನು ಹೊರಗೆ ತೆಗೆದು, ಬೇರೆಯವರ ರಾಗಿ, ಖಾರ ಒಂದು ಚೂರೂ ಸೇರದ ಹಾಗೆ ಒಳಗೆಲ್ಲ ಬಟ್ಟೆಯಿಂದ ಒರೆಸುತ್ತಿದ್ದರು. "ನಿಮ್ಮ ಮಡಿ ನಂಗೊತ್ತಿಲ್ವ ಅಮ್ಮಯ್ಯ" ಎಂದು ನಗುತ್ತಿದ್ದರು. ಮದುವೆಯ ಪುಡಿಗೆ ಒಂದು ಹಗಲೆಲ್ಲ ಮೆಣಸಿನಕಾಯಿಯ ಘಾಟಿನಲ್ಲಿ ನಿಂತಿದ್ದರು, ಬಾಯಿಗೆ ಸೆರಗು ಕಟ್ಟಿಕೊಂಡು. ಬೇರೆ ಯಾರಿಗೂ ಮಿಲ್ಲು ಮುಟ್ಟಲು ಬಿಟ್ಟಿರಲಿಲ್ಲ. ಅದಾದ ವಾರದಲ್ಲೇ ಹೋಗಿಬಿಟ್ಟರು. ಆ ಘಾಟಿಗೂ ಆ ಎದೆನೋವಿಗೂ ಸಂಬಂಧವಿಲ್ಲವೆಂದು ಅವನು ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದನೋ. ಕಲಸಿದ ತುತ್ತನ್ನು ಎಲೆಯ ಅಂಚಿಗೆ ಸರಿಸಿದ. "ಯಾಕೆ ಬೀಗರೇ, ಬಿಟ್ಟುಬಿಟ್ರಿ?" ಎಂದು ಬೀಗಿತ್ತಿ ಕೇಳಿದರು. "ಹಲ್ಲುನೋವು" ಎಂದ ವಾಗೀಶ. ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದ ಅಲಮೇಲು ನಿಂತು ಅವನನ್ನು ನೋಡಿದಳು. ಬೀಗಿತ್ತಿ ಎದ್ದು ಹೋಗಿ ತಮ್ಮ ಕೈಚೀಲದಿಂದ ಒಂದು ಲವಂಗ ತಂದುಕೊಟ್ಟರು. ಅದನ್ನು ಆ ಹಲ್ಲಿನ ಮೇಲೆಯೇ ಇಟ್ಟುಕೊಂಡು ಅವನು ಕಚ್ಚಬೇಕಾಯಿತು. ಖಾರಕ್ಕೆ ಕಣ್ಣಲ್ಲಿ ನೀರು ಬಂತು.

ಮೂರು ಗಂಟೆಯ ಹೊತ್ತಿಗೆ ಬೀಗರು ಹೊರಟರು. ಕಾರು ಬೀದಿಯ ತಿರುವು ದಾಟುವ ತನಕ ಕೈಬೀಸಿ ಒಳಗೆ ಬಂದು ಕೂತಾಗ ಮೊಬೈಲು ಟಿಣ್ ಎಂದಿತು. ಮನೆಯವರ ಗುಂಪಿಗೆ ಫೋಟೊ ಬಂದಿತ್ತು. ಮೊದಲು ಬೀಗರು ಹಾಕಿದ್ದು, ಬಲಮೂಲೆಯಲ್ಲಿ ಮಸುಕಾದ ಬೆರಳಿನ ತುದಿ. ಅದರ ಕೆಳಗೇ ಅಳಿಯ ಕಳಿಸಿದ ಇನ್ನೊಂದು, ಬೆರಳನ್ನು ಕತ್ತರಿಸಿ ನೀಟು ಮಾಡಿದ್ದು. ಲಹರಿ ಅದಕ್ಕೆ ಕೆಂಪು ಹೃದಯ ಹಾಕಿದ್ದಳು. ಅವಳಿಗೆ ಆ ಬೆರಳು ಯಾರದೆಂದು ಗೊತ್ತಾಗಲಿಲ್ಲ. ಆ ಬೆರಳು ಹಿಡಿದುಕೊಂಡೇ ಅವಳು ಚಿಕ್ಕಂದಿನಲ್ಲಿ ಭಾನುವಾರ ಭಾನುವಾರ ಕೆರೆ ಸುತ್ತಿದ್ದಳು. ಅಪ್ಪನ ಕೈ ಬೆವರುತ್ತದೆ ಎಂದು ಕೆಂಪಯ್ಯ ಮಾಮನ ಕೈಯೇ ಬೇಕೆನ್ನುತ್ತಿದ್ದಳು. ವಾಗೀಶ ಮೊದಲಿನ ಫೋಟೊಗೆ ವಾಪಸು ಹೋದ. ಬೆರಳನ್ನು ಎಷ್ಟು ಹಿಗ್ಗಿಸಿದರೂ ಬರೀ ಮಸುಕು.

"ಯಾರು ತೆಗೆದದ್ದು?" ಅಲಮೇಲು ಹೆಗಲ ಹಿಂದಿನಿಂದ ಕೇಳಿದಳು. ಸುಳ್ಳು ಹೇಳಬಹುದಿತ್ತು, ಯಾರೋ ಎನ್ನಬಹುದಿತ್ತು. "ಕೆಂಪಯ್ಯನವರು" ಎಂದ. ಆಮೇಲೆ ಎಲ್ಲ ಹೇಳಿದ, ನೀರುಕಾಗೆ ಸಮೇತ. ಅವಳು ಬೈಯುತ್ತಾಳೆಂದು ಕಾದ. ಅವಳು ಊಟದ ಮೇಜು ಒರೆಸುವುದನ್ನು ಮುಗಿಸಿ, ಬಟ್ಟೆ ಹಿಂಡಿ ಹರವಿ, ಬಂದು ಎದುರಿಗೆ ಕೂತಳು.

"ಇವತ್ತು ಮಂಗಳವಾರ ಅಲ್ಲ, ಶುಕ್ರವಾರ ಅಲ್ಲ. ಮನೇಲಿ ಮದುವೆ ಇಲ್ಲ. ಹಲ್ಲಿಗೆ ಲವಂಗಾನೂ ಆಯ್ತು. ಇನ್ನೇನಿದೆ ನಿಮಗೆ ಅಡ್ಡಿ?"

"ಏನಂತ ಮಾತಾಡಲಿ ಅಲಮೇಲು?"

"ಮಾತಾಡೋಕೆ ಬರದೇ ಇದ್ರೆ ಸುಮ್ಮನೆ ಕೂತಿದ್ದು ಎದ್ದು ಬನ್ನಿ. ಎಷ್ಟೋ ಜನ ಹಾಗೇ ಮಾಡ್ತಾರೆ." ಅವನು ಚಪ್ಪಲಿ ಮೆಟ್ಟುವಾಗ ಬಾಗಿಲ ತನಕ ಬಂದಳು. "ಒಂದು ನೆನಪಿಟ್ಟುಕೊಳ್ಳಿ. ಏಳುವಾಗ ಬರ್ತೀನಿ ಅನ್ನಬಾರದು. ಸಾವಿನ ಮನೇಲಿ ಹಾಗೆ ಹೇಳಬಾರದು. ಬಾಯ್ತಪ್ಪೀರಿ, ನಿಮಗೆ ಎಲ್ಲಿ ಹೋದ್ರೂ ಬರ್ತೀನಿ ಬರ್ತೀನಿ ಅನ್ನೋ ಅಭ್ಯಾಸ."

ಸ್ಕೂಟರಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಜ್ಞಾಪಿಸಿಕೊಳ್ಳುತ್ತ ಹೋದ. ಏಳಬೇಕು, ಕೈ ಮುಗಿಯಬೇಕು, ಸುಮ್ಮನೆ ಹೊರಡಬೇಕು. ಯಾಕೆ ಹೇಳಬಾರದೆಂದು ಅವನು ಯಾರನ್ನೂ ಕೇಳಿದವನಲ್ಲ. ಬರ್ತೀನಿ ಎಂದರೆ ಇಂಥದೇ ಕಾರಣಕ್ಕೆ ಮತ್ತೆ ಬರುವ ಹಾಗಾಗುತ್ತದೆ ಎಂಬ ಭಯವಿರಬೇಕು. ಬೋಗಾದಿ ರಸ್ತೆಯ ಎರಡೂ ಕಡೆ ಬಾಡಿಗೆಗಿದೆ ಎಂಬ ಬೋರ್ಡು ಹೊತ್ತ ಕಟ್ಟಡಗಳು, ಬಾಲ್ಕನಿ ತುಂಬ ಹುಡುಗರ ಬನೀನುಗಳು, ಜಲ್ಲಿ ಗುಡ್ಡೆಗಳು. ಹಳೇ ಊರಿನ ಸಂದಿಗೆ ತಿರುಗಿದರೆ ಮಾತ್ರ ಸಗಣಿಯ ವಾಸನೆ ಇನ್ನೂ ಇತ್ತು. ಮಿಲ್ಲಿನ ಷಟರು ಅರ್ಧಕ್ಕೆ ಇಳಿದಿತ್ತು. ಸ್ಕೂಟರು ನಿಲ್ಲಿಸಿದ ಮೇಲೂ ಒಂದು ಗಳಿಗೆ ಹ್ಯಾಂಡಲ್ ಹಿಡಿದೇ ನಿಂತ. ಈಗಲೂ ವಾಪಸು ಹೋಗಬಹುದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಕೆಂಪಯ್ಯನವರ ಸೊಸೆ ಗಗನ ತಲೆ ಎತ್ತಿದಳು. "ಮಾವ, ಮೇಷ್ಟ್ರು ಬಂದವ್ರೆ."

"ಬನ್ನಿ ಮೇಷ್ಟ್ರೇ" ಎಂದರು ಕೆಂಪಯ್ಯ ಒಳಗಿನಿಂದ. ಮೇಷ್ಟ್ರೇ! ವಾಗೀಶ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ. ಒಳಗೆ ದೇವಿರಮ್ಮನ ಫೋಟೊಗೆ ಹೂವಿನ ಸರ, ಎದುರಿಗೆ ಸಣ್ಣ ದೀಪ. ಕೆಂಪಯ್ಯ ಪ್ಲಾಸ್ಟಿಕ್ ಕುರ್ಚಿಯನ್ನು ಟವೆಲಿನಿಂದ ಒರೆಸಿ ತಳ್ಳಿದರು. ವಾಗೀಶ ಕೂತ. ಗಗನಳ ಮೊರದಿಂದ ಕಲ್ಲು ಆರಿಸಿ ಎಸೆಯುವ ಸದ್ದು ಮಾತ್ರ ಕೇಳುತ್ತಿತ್ತು.

"ಹಲ್ಲು ಎಂಗದೆ?" ಎಂದರು ಕೆಂಪಯ್ಯ.

ವಾಗೀಶ ಅವರ ಮುಖ ನೋಡಿದ. ಕುಹಕವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. "ಹಲ್ಲಿಗೆ ಏನೂ ಆಗಿರ್ಲಿಲ್ಲ ಕೆಂಪಯ್ಯನವರೇ."

"ಗೊತ್ತು ಬುಡಿ. ಅಮ್ಮೋರು ಹೇಳ್ವಾಗ್ಲೇ ಗೊತ್ತಾಯ್ತು. ಅವ್ರಿಗೆ ಸುಳ್ಳು ಹೇಳಕ್ಕೆ ಬರಲ್ಲ." ಸ್ವಲ್ಪ ಹೊತ್ತು ತಮ್ಮ ಅಂಗೈ ನೋಡಿಕೊಂಡರು. "ನೀವು ಕೆರೆ ತಾವ ದಿನಾ ನನ್ ಹಿಂದ್ಲೇ ಬತ್ತಿದ್ದುದೂ ಗೊತ್ತು. ನಿಮ್ ಕೆಮ್ಮು ನಂಗೊತ್ತಾಗಕಿಲ್ವ? ಬಟ್ಟೆ ಅಡ್ಡ ಹಿಡ್ಕಂಡು ಕೆಮ್ಮಿದ್ರೂ ಗೊತ್ತಾಯ್ತದೆ. ಬಂದು ಸೇರ್ಕಳ್ಳಿ ಅಂತ ನಾನು ಒಸಿ ನಿಧಾನ ಮಾಡ್ತಿದ್ದೆ. ನಾನು ನಿಧಾನ ಮಾಡಿದ್ರೆ ನೀವೂ ನಿಧಾನ. ಒಂದಿನ ಕಲ್ಲುಬೆಂಚಿನ ಮ್ಯಾಲೆ ಕೂತೇ ಬುಟ್ಟೆ. ಇವತ್ತು ಬಂದೇ ಬತ್ತಾರೆ ಅಂತ. ತಿರುಗಿ ನೋಡಿದ್ರೆ ನೀವು ಬಿದಿರುಮೆಳೆ ತಾವ ಬಗ್ಗಿಕಂಡು ಬೂಟು ಕಟ್ತಾ ಇದ್ರಿ."

ದುಃಖ ಕಾಲಿಗೆ ಇಳಿದಿದೆ ಎಂದು ತಾನು ಮರುಗಿದ್ದು ಆ ದಿನ. ಆ ಮನುಷ್ಯ ಕೂತದ್ದು ತನಗೋಸ್ಕರ. ವಾಗೀಶನಿಗೆ ಅಳು ಬಂತು. ಐವತ್ತೇಳು ವರ್ಷದ ಗಂಡಸು, ಪರರ ಮನೆಯಲ್ಲಿ, ಸೊಸೆಯ ಎದುರಿಗೆ, ತಡೆಯಲಾರದೆ ಅತ್ತ. ಗಗನ ಮೊರ ಎತ್ತಿಕೊಂಡು ಒಳಗೆ ಹೋಗಿ ನೀರು ತಂದಿಟ್ಟಳು.

"ಬೆಳಿಗ್ಗೆ ನಾನು ಹೇಳ್ಬೇಕಿತ್ತು. ಇವರು ಕೆಂಪಯ್ಯನವರು ಅಂತ ಹೇಳ್ಬೇಕಿತ್ತು" ಎಂದ ವಾಗೀಶ.

"ಹೊಸ ಬೀಗರು. ನಾನಾಗಿದ್ರೂ ಹೇಳ್ತಿದ್ನೋ ಇಲ್ವೋ" ಎಂದರು ಕೆಂಪಯ್ಯ. ಆಮೇಲೆ, "ಬೇಜಾರಾಯ್ತು ಮೇಷ್ಟ್ರೇ. ಆಗ್ಲಿಲ್ಲ ಅಂತ ಯಾಕನ್ಲಿ. ಅಲ್ಲಿಂದ ಬಂದು ತಿಂಡಿ ಸೇರ್ನಿಲ್ಲ."

ವಾಗೀಶ ನೀರು ಕುಡಿದು ಲೋಟ ಕೆಳಗಿಟ್ಟ. ದೀಪದ ಹಿಂದೆ ದೇವಿರಮ್ಮ ಸೆರಗು ಹೊದ್ದು, ಫೋಟೊದವನು ಹೇಳಿದನೆಂದು ನಗದೆ ಕೂತಿದ್ದರು. "ಮದುವೇಲಿ ಎಲ್ಲರೂ ಹುಳಿ ಹೊಗಳಿದ್ರು" ಎಂದ ಅವನು, ಯಾಕೆ ಆ ಮಾತು ಬಂತೆಂದು ತಿಳಿಯದೆ. "ಇವತ್ತೂ ಮನೇಲಿ ಅದೇ ಪುಡಿ. ಬೀಗರು ಎರಡು ಸಲ ಬಡಿಸಿಕೊಂಡ್ರು."

ಕೆಂಪಯ್ಯ ಮೊದಲ ಸಲ ತಲೆಯೆತ್ತಿ ನೆಟ್ಟಗೆ ಕೂತರು. "ಏನಂದ್ರು?"

"ಅಡುಗೆಯವರ ಕೈಗುಣವಾ, ಪುಡಿಯ ಗುಣವಾ ಅಂತ ಕೇಳಿದ್ರು. ಅಲಮೇಲು ಪುಡಿ ಅಂದ್ಲು."

"ಪುಡಿ ಅಂದ್ರಾ ಅಮ್ಮೋರು?" ಒಳಗೆ ತಿರುಗಿ, "ಕೇಳಿದ್ಯೇನವ್ವ ಗಗನ, ಹಾಸನದೋರು ಎರಡು ದಪ ಉಂಡ್ರಂತೆ" ಎಂದರು. "ಕೊತ್ತುಂಬರಿ ಬೀಜನ ಅವ್ಳು ಯಾರ್ ಕೈಗೂ ಕೊಡ್ನಿಲ್ಲ. ತಾನೇ ಬಿಸಿಲಿಗೆ ಹಾಕಿ, ತಾನೇ ಹುರ್ದು. ಮೇಷ್ಟ್ರ ಮಗಿ ಮದುವೆ ಕನ ಅನ್ನೋಳು." ಅವರು ಟವೆಲಿನಿಂದ ಮುಖವನ್ನೆಲ್ಲ ಒರೆಸಿಕೊಂಡರು. ಇಬ್ಬರೂ ಹಾಗೇ ಕೂತರು. ಮೇಲಿನ ಬಾಡಿಗೆ ಕೋಣೆಯಲ್ಲಿ ಯಾವನೋ ಹುಡುಗ ಬಕೆಟು ತುಂಬಿಸುತ್ತಿದ್ದ. ನೀರು ತುಂಬಿ ಹೊರಗೆ ಚೆಲ್ಲುವ ಸದ್ದು ಬಂತು, ನಲ್ಲಿ ನಿಂತಿತು.

ಹೊರಗೆ ದೀಪ ಹತ್ತುವ ಹೊತ್ತಾಯಿತು. ವಾಗೀಶ ಎದ್ದ. ಕೆಂಪಯ್ಯನವರೂ ಎದ್ದರು. ಅವನು ಫೋಟೊಗೆ ಕೈಮುಗಿದ, ಅವರಿಗೆ ಕೈಮುಗಿದ. ಇನ್ನು ಸುಮ್ಮನೆ ಹೊರಡಬೇಕು. ಹೊಸ್ತಿಲ ಹತ್ತಿರ ಕಾಲು ನಿಂತಿತು. ಬೆಳಿಗ್ಗೆ ಏರಿಯ ಮೇಲೆ ಮಾಡಿದ್ದೂ ಇದನ್ನೇ. ಒಂದು ಮಾತೂ ಆಡದೆ ಹೊರಟುಹೋದದ್ದು. ಅಲಮೇಲು ಹೇಳಿದ್ದು ಚೆನ್ನಾಗಿ ನೆನಪಿತ್ತು. ಬಾಯ್ತಪ್ಪಲಿಲ್ಲ. ತಿರುಗಿ ನಿಂತು, ಅವರ ಮುಖ ನೋಡಿಯೇ ಹೇಳಿದ.

"ನಾಳೆ ಬೆಳಿಗ್ಗೆ ಬರ್ತೀನಿ ಕೆಂಪಯ್ಯನವರೇ."

ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಗಗನ ಗಾಬರಿಯಾಗಿ ಮಾವನ ಕಡೆ ನೋಡಿದಳು. ಕೆಂಪಯ್ಯ ಬಾಗಿಲ ಚೌಕಟ್ಟಿಗೆ ಕೈಯಾನಿಸಿಕೊಂಡರು.

"ಬನ್ನಿ" ಎಂದರು. "ಎರಡು ತಿಂಗ್ಳಾಯ್ತು ಮೇಷ್ಟ್ರೇ. ಬಂದೋರೆಲ್ಲ ಸುಮ್ಕೆ ಎದ್ದೋಯ್ತಾರೆ. ಈ ಮನೇಲಿ ನಿಂತ್ಕಂಡು ಬತ್ತೀನಿ ಅಂತ ಒಬ್ರೂ ಹೇಳ್ನಿಲ್ಲ."